ಕಾಪುವಿನ ಟೀಚರಲ್ಲಿ ಪಾಲು ಕೇಳಿದ್ದು

ನವೆಂಬರಿನ ಒಂದು ಸೋಮವಾರ ಬೆಳಿಗ್ಗೆ ಮಗಳು ಧನ್ಯಾಳನ್ನು ಕರೆದುಕೊಂಡು ಕಾರ್ಕಳದಲ್ಲಿ ಮಣಿಪಾಲದ ಬಸ್ಸು ಹತ್ತಿದೆ. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ. ಆದರೆ ನಮ್ಮ ದಾರಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ನನಗೊಂದು ಟಿಕೆಟು, ಅವಳಿಗೆ ಅರ್ಧ. ಸರಕಾರಿ ಬಸ್ಸೇ ಓಡುವ ಘಟ್ಟದ ಮೇಲಿನ ಹೆಂಗಸರನ್ನು ನೆನೆದು ಹೊಟ್ಟೆಕಿಚ್ಚಾಯಿತು. ಆ ದಿನದ ಹೊಟ್ಟೆಕಿಚ್ಚಿಗೆ ಅದು ಬರೀ ಆರಂಭ.

ಧನ್ಯಾಳಿಗೆ ಎಂಟು ವರ್ಷ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಮಾತು ಮಾತ್ರ ಬರುವುದಿಲ್ಲ. ನಮ್ಮೂರಿನ ಸರಕಾರಿ ಶಾಲೆಗೆ ಹೋಗುತ್ತಾಳೆ. ಅಲ್ಲಿನ ಟೀಚರು ಒಳ್ಳೆಯವರು, ಆದರೆ ಎರಡು ತರಗತಿ ಒಟ್ಟಿಗೆ ನೋಡುವವರು ಇವಳೊಬ್ಬಳ ಪಕ್ಕ ಕೂರುವುದು ಯಾವಾಗ? ಇಂಥ ಮಕ್ಕಳಿಗೆಂದೇ ಇರುವ ವಿಶೇಷ ಶಿಕ್ಷಕರು ನಮಗಿರಲಿಲ್ಲ.

ಮಣಿಪಾಲದ ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಧನ್ಯಾಳನ್ನು ನೋಡಿ, "ತಿಂಗಳಿಗೊಮ್ಮೆ ಇಲ್ಲಿಗೆ ಬಂದರೆ ಸಾಲದು. ಶಾಲೆಯಲ್ಲೇ ವಾರಕ್ಕೆ ಮೂರು ದಿನವಾದರೂ ಕಲಿಸುವವರು ಬೇಕು. ಕಾಪುವಿನ ಜೋಯಲ್‌ನನ್ನು ನೋಡಿ, ಎಷ್ಟು ಸುಧಾರಿಸಿದ್ದಾನೆ" ಎಂದರು. ಜೋಯಲ್ ನನ್ನ ಗೆಳತಿ ಲವೀನಾಳ ಮಗ. ನಾವಿಬ್ಬರು ಪರಿಚಯವಾದದ್ದೇ ಈ ಆಸ್ಪತ್ರೆಯಲ್ಲಿ. ಆಗ ಅವನಿಗೂ ಮಾತಿರಲಿಲ್ಲ. ಆಮೇಲೆ ಅವನ ಸರಕಾರಿ ಶಾಲೆಗೆ ಅನುದಾನ ಬಂತು, ವಿಶೇಷ ಶಿಕ್ಷಕಿಯೂ ಬಂದರು.

ಉಡುಪಿಯಲ್ಲಿ ಇಳಿದಾಗ ಬಿಸಿಲು ಸುಡುತ್ತಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಬನ್ಸ್ ತಿಂದು ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆವು. ನಮಗೂ ಒಬ್ಬ ಶಿಕ್ಷಕಿಯನ್ನು ಕೊಡಿ ಎಂದೆ.

"ಹೊಸ ಟೀಚರಿಗೆ ಅನುದಾನ ಇಲ್ಲ ಅಮ್ಮ" ಎಂದರು ಅಧಿಕಾರಿ. "ಬೇಕಾದರೆ ನೀವು ಅರ್ಜಿ ಕೊಡಿ, ಕಾಪುವಿನ ಟೀಚರನ್ನೇ ವಾರಕ್ಕೆ ಮೂರು ದಿನ ನಿಮ್ಮ ಶಾಲೆಗೆ ಹಾಕಬಹುದು."

"ಅಲ್ಲಿಯ ಮಕ್ಕಳಿಗೆ?"

"ಉಳಿದ ಮೂರು ದಿನ ಉಂಟಲ್ಲ."

ಯೋಚಿಸಿ ಹೇಳುತ್ತೇನೆಂದು ಎದ್ದೆ. ಆ ಶಾಲೆಯನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು.

ಕಟಪಾಡಿ ದಾಟಿ ಕಾಪುವಿನಲ್ಲಿ ಇಳಿದಾಗ, ಮೊದಲೇ ಫೋನ್ ಮಾಡಿದ್ದರಿಂದ ಲವೀನಾ ಪೇಟೆಯಲ್ಲೇ ಕಾಯುತ್ತಿದ್ದಳು. ಶಾಲೆಯಲ್ಲಿ ವಿಶೇಷ ಶಿಕ್ಷಕಿಯ ಕೋಣೆಯಲ್ಲಿ ಚಾಪೆ, ದೊಡ್ಡ ಕನ್ನಡಿ, ಗೋಡೆ ತುಂಬ ಚಿತ್ರಗಳು. ಜೋಯಲ್ ನನ್ನ ಬಾಟ್ಲಿಗೆ ಕೈ ತೋರಿಸಿ, "ನೀರು" ಎಂದ.

"ಜಾಣ" ಎಂದೆ. ಹೊಟ್ಟೆಕಿಚ್ಚು ಪಡುತ್ತಲೇ ಬಾಟ್ಲಿ ಅವನ ಕೈಗೆ ಕೊಟ್ಟೆ.

ಅಷ್ಟರಲ್ಲಿ ಟೀಚರ್ ಧನ್ಯಾಳನ್ನು ಕನ್ನಡಿಯ ಮುಂದೆ ಕೂರಿಸಿ, ಅವಳ ಬೆರಳನ್ನು ತಮ್ಮ ಗಂಟಲಿಗೆ ಒತ್ತಿಕೊಂಡು "ಮ್" ಎನ್ನುತ್ತಿದ್ದರು. ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ಧನ್ಯಾ ತುಟಿ ಮುಚ್ಚಿ ಗುನುಗಿದಳು. ಮತ್ತೆ ಗುನುಗಿ, ನನ್ನ ಕಡೆ ತಿರುಗಿ ನೋಡಿದಳು. ಯೋಚಿಸುವುದು ಅಲ್ಲಿಗೆ ಮುಗಿಯಿತು.

ಜಗಲಿಗೆ ಬಂದು ಲವೀನಾಳಿಗೆ ವಿಷಯ ಹೇಳಿದೆ.

"ನೋಡಲಿಕ್ಕೆ ಬಂದದ್ದೋ ಶೋಭಕ್ಕ, ಕೊಂಡುಹೋಗಲಿಕ್ಕೆ ಬಂದದ್ದೋ?"

"ಮೂರು ದಿನ ಮಾತ್ರ ಕೇಳುವುದು."

"ನಿಮಗೆ ಬೇರೆ ಟೀಚರನ್ನು ಕೇಳಿ. ನಮ್ಮದನ್ನು ಎಂತಕ್ಕೆ ಅರ್ಧ ಮಾಡುವುದು?"

"ಕೇಳಿದೆ. ಇಲ್ಲ ಅಂದರು."

"ಅವನು ಈಗಷ್ಟೇ ಶುರು ಮಾಡಿದ್ದಾನೆ" ಎಂದಳು. ಬಸ್ಸಿನವರೆಗೆ ಅವಳು ಬರಲಿಲ್ಲ.

ಉಚ್ಚಿಲ, ಪಡುಬಿದ್ರೆ, ಬೆಳ್ಮಣ್ಣು. ದಾರಿಯುದ್ದಕ್ಕೂ ಧನ್ಯಾ ಕಿಟಕಿಯ ಗಾಜಿಗೆ ಬಾಯಿಟ್ಟು ಗುನುಗುತ್ತಲೇ ಇದ್ದಳು. ಕಾರ್ಕಳ ತಲುಪುವಾಗ ಸಂಜೆಯಾಗಿತ್ತು. ಮರುದಿನ ಅರ್ಜಿ ಕೊಟ್ಟೆ.

ಕ್ರಿಸ್ಮಸ್ ಕಳೆದ ಮೇಲೆ ಟೀಚರ್ ಗುರುವಾರದಿಂದ ಶನಿವಾರದವರೆಗೆ ನಮ್ಮ ಶಾಲೆಗೆ ಬರುವುದೆಂದಾಯಿತು. ಅಷ್ಟೂ ದಿನ ಲವೀನಾ ನನ್ನ ಫೋನ್ ಎತ್ತಿರಲಿಲ್ಲ. ಮೊದಲ ಗುರುವಾರ ಟೀಚರ್ ಇಳಿದ ಬಸ್ಸಿನಿಂದಲೇ ಅವಳೂ ಜೋಯಲ್‌ನ ಕೈ ಹಿಡಿದು ಇಳಿದಳು.

"ಇವನಿಗೆ ಆರು ದಿನವೂ ಬೇಕು" ಎಂದಳು, ನನ್ನ ಮುಖ ನೋಡದೆ.

ಟೀಚರ್ ಮೊದಲು ಜೋಯಲ್‌ನನ್ನೇ ಒಳಗೆ ಕರೆದರು. ಧನ್ಯಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನು ಹೊರಗೆ ಕುಳಿತೆ. ಒಳಗಿನಿಂದ ಅವನ ಮಾತು ಒಂದೊಂದಾಗಿ ಕೇಳಿಸುತ್ತಿತ್ತು. ಬೇಗ ಮುಗಿಯಲಿ ಎಂದು ನಾನು ಕಾಯುತ್ತಿದ್ದೆ.