ಅರ್ಜೆಂಟಿನ ಹನ್ನೆರಡು ನಾರ್ಮಲ್ ವರ್ಷಗಳು

ಅವನಿಗೆ ಅರ್ಜೆಂಟು ಎಂಬ ಹೆಸರು ಅಂಟಿಸಿದ್ದು ಸೋದರಮಾವ. ಏಳು ತಿಂಗಳು ತುಂಬುವುದರೊಳಗೇ ಹೊರಗೆ ಬಂದು ಬಿದ್ದವನನ್ನು ಇನ್ನೇನೆಂದು ಕರೆಯುವುದು? ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಐವತ್ತು ದಿನ ಮಲಗಿದ್ದು, ಉಳಿಯುವುದಿಲ್ಲ ಎಂದವರ ಬಾಯಿ ಮುಚ್ಚಿಸಿ ಮನೆಗೆ ಬಂದ. ಅಮ್ಮನಿಗೆ ಅದಕ್ಕಿಂತ ದೊಡ್ಡ ಹೆಮ್ಮೆ ಬೇರೆ ಇರಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರು ಬಂದು ಕೂತರೂ ಸರಿ, "ಅಂಗೈ ಮೇಲೆ ಮಲಗಿಸಬಹುದಿತ್ತು ಕಣ್ರೀ, ಅಷ್ಟೇ ಇದ್ದ. ಈಗ ನೋಡಿ!" ಎಂದು ಶುರುಮಾಡಿಬಿಡುತ್ತಿದ್ದಳು.

ದೊಡ್ಡವನಾಗಿ ಅವನು ಕಟ್ಟಡ ಕಟ್ಟುವಲ್ಲಿ ಟವರ್ ಕ್ರೇನ್ ಓಡಿಸುವವನಾದ. ಬೆಳಿಗ್ಗೆ ಕಬ್ಬಿಣದ ಏಣಿ ಹಿಡಿದು ಹತ್ತಿದರೆ ಹದಿನೈದು ಮಹಡಿಯಷ್ಟು ಮೇಲೆ, ಒಬ್ಬನೇ ಹಿಡಿಸುವ ಕ್ಯಾಬಿನ್ನು. ಕೆಳಗಿನವರು ವಾಕಿಟಾಕಿಯಲ್ಲಿ "ಸ್ವಲ್ಪ ಎಡಕ್ಕೆ ಅರ್ಜೆಂಟಣ್ಣಾ" ಎಂದರೆ, ಎರಡು ಟನ್ ಸರಳನ್ನು ಮಲಗಿದ ಮಗುವನ್ನು ಎತ್ತಿಟ್ಟ ಹಾಗೆ ಇಳಿಸುತ್ತಿದ್ದ. ಬೀಡಿ ಇಲ್ಲ, ಕುಡಿತ ಇಲ್ಲ, ಹೊಟ್ಟೆಯಂತೂ ಬೆನ್ನಿಗೆ ಅಂಟಿತ್ತು. ಇಂಥವನಿಗೆ ರೋಗ ಎಲ್ಲಿಂದ ಬರಬೇಕು?

ಬಂದಿತ್ತು. ಇಪ್ಪತ್ತಾರನೇ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದ ವರ್ಷವೇ. ಕ್ರೇನಿನವರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ. ಬಿಪಿ ಜಾಸ್ತಿಯಾದರೆ ಏಣಿ ಮುಟ್ಟುವ ಹಾಗಿಲ್ಲ. ಆದ್ದರಿಂದ ತಪಾಸಣೆಗೆ ವಾರ ಇದೆ ಎನ್ನುವಾಗಲೇ ಆಪರೇಟರುಗಳೆಲ್ಲ "ಪರೀಕ್ಷೆಗೆ ಓದಲು" ಕೂರುತ್ತಿದ್ದರು. ಓದುವುದೆಂದರೆ ಉಪ್ಪು ಬಿಡುವುದು, ಕಾಫಿ ಬಿಡುವುದು, ಎಲ್ಲರಿಗಿಂತ ಹಿರಿಯನಾದ ದೊಡ್ಡಣ್ಣ ಹಂಚುವ ಬಿಪಿ ಮಾತ್ರೆಯನ್ನು ದಿನಕ್ಕೊಂದರಂತೆ ನುಂಗುವುದು. ದೊಡ್ಡಣ್ಣನ ಊಟದ ಚೀಲದಲ್ಲಿ ಬಿಪಿ ಮಷೀನೂ ಇರುತ್ತಿತ್ತು. ಹೊಸಬ ಅರ್ಜೆಂಟಿನ ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ನೂರಾ ಅರವತ್ತು.

"ಮೇಲೆ ಹತ್ತೋರಿಗೆ ಬಿಪಿನೂ ಮೇಲೆ ಹತ್ತತ್ತೆ, ತಲೆ ಕೆಡಿಸ್ಕೋಬೇಡ" ಎಂದ ದೊಡ್ಡಣ್ಣ. "ಪರೀಕ್ಷೆ ಮುಗಿದ ತಕ್ಷಣ ಮಾತ್ರೆ ಬಿಟ್ಬಿಡು. ಈ ವಯಸ್ಸಿಗೇ ಅಭ್ಯಾಸ ಆಗ್ಬಿಟ್ರೆ ಸಾಯೋವರೆಗೂ ನುಂಗ್ಬೇಕು."

ಅರ್ಜೆಂಟು ಬಿಟ್ಟ. ವರ್ಷಕ್ಕೆ ಏಳು ದಿನ ಮಾತ್ರೆ, ಉಳಿದ ದಿನ ದೇವರಿದ್ದಾನೆ. ಹೀಗೆ ಹನ್ನೆರಡು ವರ್ಷ. ಹನ್ನೆರಡು ವರ್ಷವೂ ತಪಾಸಣೆಯ ಕಡತದಲ್ಲಿ ನಾರ್ಮಲ್. ದೊಡ್ಡಣ್ಣನನ್ನು ಬೈಯೋಣವೆಂದರೆ ಬಾಯಿ ಬರುವುದಿಲ್ಲ. ತನ್ನ ಪಾಲಿನ ಮಾತ್ರೆಯನ್ನೇ ಹಂಚಿದ ಮನುಷ್ಯ ಅವನು.

ಮೂವತ್ತೆಂಟಕ್ಕೆ ಉಸಿರು ಸಾಲದೆ ಏಣಿಯ ನಡುವೆ ನಿಲ್ಲತೊಡಗಿದ. ಮೊದಲು ಒಂದು ಕಡೆ, ಆಮೇಲೆ ನಾಲ್ಕು ಕಡೆ. ಸಂಜೆಯಾದರೆ ಪಾದ ಊದಿ ಶೂ ಬಿಗಿಯುತ್ತಿತ್ತು. ಒಂದು ದಿನ ಕೊಕ್ಕೆಯಲ್ಲಿ ತೊಲೆ ನೇತಾಡುತ್ತಿರುವಾಗಲೇ ಕಣ್ಣು ಕತ್ತಲೆ ಬಂತು. ಹಲ್ಲು ಕಚ್ಚಿ ತೊಲೆಯನ್ನು ನೆಲ ಮುಟ್ಟಿಸಿ, ಆಮೇಲೆ ವಾಕಿಟಾಕಿ ಎತ್ತಿಕೊಂಡು, "ಇನ್ನು ನನ್ನನ್ನ ಇಳಿಸ್ಕೊಳ್ರಪ್ಪಾ" ಎಂದ.

ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರಮ್ಮ ಸ್ಕ್ಯಾನನ್ನೂ ಕಡತವನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದರು. "ಹೃದಯದ ಗೋಡೆ ದಪ್ಪ ಆಗಿ, ಈಗ ಸೋತಿದೆ. ವರ್ಷಗಟ್ಟಲೆ ಬಿಪಿ ಇದ್ದವರ ಹೃದಯ ಇದು. ಇಲ್ಲಿ ನೋಡಿದ್ರೆ ಎಲ್ಲಾ ನಾರ್ಮಲ್?"

ಅರ್ಜೆಂಟು ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡ. ಜೊತೆಗೆ ಬಂದಿದ್ದ ಅಮ್ಮ ಮಗನ ಮುಖ ನೋಡಲಾರದೆ ನಡುವೆ ಬಾಯಿ ಹಾಕಿದಳು. "ಗಟ್ಟಿ ಜೀವ ಮೇಡಂ ಇವನದು. ಏಳು ತಿಂಗಳಿಗೇ ಹುಟ್ಟಿದವನು. ಅಂಗೈ ಮೇಲೆ ಮಲಗಿಸಬಹುದಿತ್ತು..."

ಡಾಕ್ಟರಮ್ಮನ ಪೆನ್ನು ನಿಂತಿತು. "ಇದನ್ನ ಯಾವ ಡಾಕ್ಟರಿಗಾದ್ರೂ ಹೇಳಿದ್ರಾ?"

ಹಾದಿಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದವಳು ಡಾಕ್ಟರಿಗೊಬ್ಬರಿಗೆ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

"ತಿಂಗಳು ತುಂಬದೆ ಹುಟ್ಟಿದವರ ರಕ್ತನಾಳ ಸಣ್ಣ ಇರಬಹುದು, ಕಿಡ್ನಿಯಲ್ಲಿ ಸೋಸೋ ಭಾಗ ಕಮ್ಮಿ ಇರಬಹುದು, ಹೃದಯದ ಕಟ್ಟೂ ಸ್ವಲ್ಪ ಬೇರೆ" ಎಂದರು ಡಾಕ್ಟರಮ್ಮ. "ಎಲ್ಲರಿಗೂ ತೊಂದರೆ ಆಗಲ್ಲ. ಆದ್ರೆ ಬಿಪಿ ಬೇಗ ಏರೋ ಸಾಧ್ಯತೆ ಜಾಸ್ತಿ. ಅದಕ್ಕೇ ಚಿಕ್ಕಂದಿನಿಂದ ನೋಡಿಸ್ತಾ ಇರಬೇಕು. ಇಪ್ಪತ್ತಾರಕ್ಕೇ ದಿನಾ ಮಾತ್ರೆ ತಗೊಂಡಿದ್ರೆ..." ಅಮ್ಮ ತನ್ನ ಅಂಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಆ ಮೇಲಿನ ಮೂರು ತಿಂಗಳು ಅರ್ಜೆಂಟು ಗಡಿಯಾರ ನೋಡಿ ಮಾತ್ರೆ ನುಂಗಿದ. ಅಮ್ಮ ಮನೆಯ ಉಪ್ಪಿನ ಡಬ್ಬಿಯನ್ನೇ ಎತ್ತಿ ಪಕ್ಕದ ಮನೆಗೆ ಕೊಟ್ಟು, ತಾನೂ ಸಪ್ಪೆ ಉಂಡಳು. ದೊಡ್ಡಣ್ಣ ಒಂದು ಸಲ ಬಂದು ಬಾಗಿಲಲ್ಲೇ ನಿಂತು, "ನಿನ್ನ ಸೀಟಿಗೆ ಬದಲಿಯವನನ್ನ ಹಾಕಿದ್ದಾರೆ, ಪರ್ಮನೆಂಟ್ ಅಲ್ಲ" ಎಂದು ಹೇಳಿ, ಒಳಗೂ ಬಾರದೆ ಹೋದ. ಆ ಒಂದು ಮಾತನ್ನೇ ಅರ್ಜೆಂಟು ಗಟ್ಟಿಯಾಗಿ ಹಿಡಿದುಕೊಂಡ. ಬಿಪಿ ಇಳಿದರೆ ಸರ್ಟಿಫಿಕೇಟು, ಸರ್ಟಿಫಿಕೇಟು ಸಿಕ್ಕರೆ ಏಣಿ.

ಬಿಪಿ ಇಳಿಯಿತು. ಮೂರನೇ ತಿಂಗಳು ಡಾಕ್ಟರಮ್ಮ ಎರಡೆರಡು ಸಲ ನೋಡಿದರು; ನೂರಾ ಇಪ್ಪತ್ತೆಂಟು. ಅವನ ಮುಖ ಅರಳುತ್ತಿದ್ದ ಹಾಗೆ ಹೊಸ ಸ್ಕ್ಯಾನನ್ನು ಮುಂದಿಟ್ಟರು. ಹೃದಯ ಒಂದಿಷ್ಟೂ ಚೇತರಿಸಿರಲಿಲ್ಲ. ಮೊದಲಿಗಿಂತ ಇನ್ನಷ್ಟು ಸೋತಿತ್ತು.

"ಇನ್ಮೇಲೆ ಏಣಿ ಯೋಚನೆ ಬಿಟ್ಬಿಡಿ" ಎಂದರು.

"ಹಾಗಾದ್ರೆ ಮಾತ್ರೆ ಯಾಕೆ ಮೇಡಂ?"

"ಇರೋದನ್ನ ಆದಷ್ಟು ದಿನ ಉಳಿಸ್ಕೊಳ್ಳೋಕೆ." ಎಷ್ಟು ದಿನ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಮನೆ ಮೂರನೇ ಮಹಡಿಯಲ್ಲಿ. ಎರಡನೆಯದು ಹತ್ತುವಷ್ಟರಲ್ಲಿ ಉಸಿರು ಮುಗಿದು ಮೆಟ್ಟಿಲ ಮೇಲೆ ಕೂತ. ಮೇಲಿನಿಂದ ಅಮ್ಮನ ದನಿ ಕೇಳಿಸಿತು. "ಬಂದ್ಯಾ? ಏನಂದ್ರು? ಎಷ್ಟಿತ್ತು?"

"ನೂರಾ ಇಪ್ಪತ್ತೆಂಟು. ನಾರ್ಮಲ್ ಅಂದ್ರು."

"ಅಪ್ಪಾ, ಬದುಕಿದೆ! ಮತ್ತೆ ಅಲ್ಲೇ ಯಾಕೆ ನಿಂತೆ? ಬಾ ಮೇಲೆ."

"ಬಂದೆ" ಎಂದ. ಏಳಲಿಲ್ಲ.

ಅಮ್ಮ ಕಾದಳು. ಆಮೇಲೆ ಗೋಡೆ ಹಿಡಿದುಕೊಂಡು, ಮಂಡಿನೋವಿನ ಕಾಲಲ್ಲಿ ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಮಗನ ಮುಖ ನೋಡಿದಳು, ತುಟಿಯ ಬಣ್ಣ ನೋಡಿದಳು. ಪಕ್ಕದಲ್ಲಿ ಕೂತು ಅವನ ಕೈಲಿದ್ದ ಸ್ಕ್ಯಾನಿನ ಕವರು ತೆಗೆದುಕೊಂಡಳು.

"ನಿನ್ನ ಹೊತ್ಕೊಂಡು ಹೋಗೋಣ ಅಂದ್ರೆ ಈಗ ನನ್ನ ಕೈಲಿ ಆಗಲ್ವಲ್ಲೋ" ಎಂದಳು.