ಕೆಳಮನೆಯವನ ಗರ್ನಾಲು

ಹೋದ ತಿಂಗಳು ಇಲ್ಲಿ ಮೆಟುಚೆನ್‌ನಲ್ಲಿ ನಮ್ಮ ಪಕ್ಕದ ಮನೆಗೆ ಹೊಸಬರು ಬಂದರು. ಯಾವ ದೇಶದವರೋ ಗೊತ್ತಿಲ್ಲ. ಬಂದ ಮರುದಿನವೇ ಅವರ ಅಡುಗೆಮನೆಯಿಂದ ಉಪ್ಪುಮೀನು ನೆನೆಹಾಕಿದ ವಾಸನೆ ಬಂತು. ಒಣಮೀನು ಹುರಿದ ವಾಸನೆ ಬೇರೆ, ನೆನೆಹಾಕಿದ ವಾಸನೆ ಬೇರೆ. ಕಾರವಾರದ ಮೀನುಪೇಟೆಯಲ್ಲಿ ಬೆಳೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. "ಆಯಿ, ಕಿಟಕಿ ಹಾಕ್ಕೊ, ಮನೆ ತುಂಬಾ ನಾತ" ಎಂದಳು ಮಗಳು. ನಾನು ಹಾಕಲಿಲ್ಲ. ನ್ಯೂವರ್ಕಿನ ಕೆಳಮನೆಯವನು ನೆನಪಾದ. ನೆನಪಾದದ್ದೇ ತಡ, ಸಿಟ್ಟು ಬಂತು. ಅವನು ಸತ್ತು ಇಷ್ಟು ವರ್ಷವಾದರೂ ನನಗೆ ಮೊದಲು ಬರುವುದು ಸಿಟ್ಟೇ.

ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು, ಬರೆಯುವ ಕೈ ನಿಧಾನ. ಅದಕ್ಕೆ ಸುತ್ತಿ ಬಳಸದೆ ಹೇಳುತ್ತೇನೆ.

ಇಲ್ಲಿಯ ಬ್ಯಾಂಕುಗಳು ಒಂದರ ಹಿಂದೆ ಒಂದು ಬೀಳುತ್ತಿದ್ದ ಕಾಲ. ಅಳಿಯನ ಕೆಲಸ ಹೋಯಿತು. ಪಾರ್ಸಿಪನಿಯ ಅಪಾರ್ಟ್‌ಮೆಂಟ್ ಬಿಟ್ಟು ಕಡಿಮೆ ಬಾಡಿಗೆ ಹುಡುಕಿಕೊಂಡು ನ್ಯೂವರ್ಕಿಗೆ ಬಂದೆವು. ಮೇಲೆ ನಾವು, ಕೆಳಗೆ ಮನೆಯ ಯಜಮಾನ. ಆ ಬೀದಿ ಪೂರಾ ಪೋರ್ಚುಗೀಸರದ್ದು. ಹಿತ್ತಲಲ್ಲಿ ಅವನೇ ಕಟ್ಟಿದ ದ್ರಾಕ್ಷಿ ಚಪ್ಪರವಿತ್ತು. ವಿಮಾನಗಳು ತಲೆಗೆ ತಾಗುವ ಹಾಗೆ ಇಳಿಯುತ್ತಿದ್ದವು. ಅವು ದಾಟುವ ತನಕ ಆಡುತ್ತಿದ್ದ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಕೂರಬೇಕು.

ನಮ್ಮ ಕಡೆ ಪೋರ್ಚುಗೀಸ ಸಿಪಾಯಿಗೆ ಪಾಕ್ಲೊ ಎನ್ನುತ್ತಾರೆ. ನಾನು ಚಿಕ್ಕವಳಿದ್ದಾಗ ಮಕ್ಕಳಿಗೆ ಗುಮ್ಮ ಎಂದರೆ ಪಾಕ್ಲೊ. ಗೋವೆ ಅವರ ಕೈಯಲ್ಲಿತ್ತು. ನಮ್ಮ ಎದುರಿನ ಅಂಜದೀವ ದ್ವೀಪವೂ ಅವರದೇ. ಅಲ್ಲಿಂದ ನಮ್ಮವರ ದೋಣಿಗಳ ಮೇಲೆ ಗುಂಡು ಹಾರಿಸಿದರು. ಅಪ್ಪ ದೋಣಿ ಇಳಿಸಲು ಹೆದರಿ ಮನೆಯಲ್ಲಿ ಕುಳಿತ, ನಾವು ಗಂಜಿನೀರು ಕುಡಿದೆವು. ಆಮೇಲೆ ನಮ್ಮ ದಂಡು ಹೋಗಿ ಗೋವೆಯಿಂದಲೂ ದ್ವೀಪದಿಂದಲೂ ಅವರನ್ನು ಎಬ್ಬಿಸಿತು. ಅಂಥವರ ಮನೆಗೆ ಮುದುಕಿಯಾದ ಮೇಲೆ ಬಾಡಿಗೆಗೆ ಬಂದೆ.

"ಈ ಪಾಕ್ಲೊನ ಮನೆ ಬಿಟ್ರೆ ಬೇರೆ ಸಿಕ್ಲಿಲ್ವನೇ ನಿಂಗೆ?" ಎಂದು ಮಗಳಿಗೆ ಬೈದೆ.

"ಬಾಡಿಗೆ ಕಮ್ಮಿ ಆಯಿ. ಪಾಕ್ಲೊ ಆದ್ರೇನು, ಚಳಿಗಾಲದ ಹೀಟ್ ಖರ್ಚೂ ಸೇರಿಸಿ ಕೊಡ್ತಾನೆ" ಎಂದಳು.

ಅವನ ಜೊತೆ ಮೊದಲ ಮಾತು ಆದದ್ದು ನಮ್ಮ ಅಡುಗೆಮನೆಯ ಪೈಪು ಸೋರಿದ ದಿನ. ನೀರು ಅವನ ತಲೆಯ ಮೇಲೆ ತೊಟ್ಟಿಕ್ಕಿತಂತೆ. ಮೆಟ್ಟಿಲು ಹತ್ತಿ ಬಂದವನೇ "ಬಾಲ್ದ್, ಬಾಲ್ದ್" ಎಂದು ಕೂಗಾಡಿದ. ನಾನು ಬಾಲ್ದಿ ಕೊಟ್ಟೆ. ಕೊಟ್ಟ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವನು ಮೇಜು ಮುಟ್ಟಿ "ಮೆಜ" ಎಂದ. ಮೇಜು ಎಂದೆ. ಕೀಲಿಗೊಂಚಲು ತೋರಿಸಿ "ಶಾವ್" ಎಂದ. ಚಾವಿ ಎಂದೆ. ಬುಟ್ಟಿಯಲ್ಲಿದ್ದ ಬಟಾಟೆ ನಾನೇ ಎತ್ತಿ ತೋರಿಸಿದೆ. "ಬತಾತ" ಎಂದು ಕುಣಿದುಬಿಟ್ಟ. ಎಲ್ಲ ನಾವು ನಿಮಗೆ ಕೊಟ್ಟ ಮಾತು ಎಂದು ಜಂಬ ಬೇರೆ. "ಕೊಟ್ಟದ್ದಲ್ಲ, ಬಿಟ್ಟು ಓಡಿದ್ದು ಅಂತ ಹೇಳೇ ಅವನಿಗೆ" ಎಂದೆ ಮಗಳಿಗೆ. ಮಗಳು ಹೇಳಿದಳು. ಕೆಮ್ಮು ಬರುವ ತನಕ ನಕ್ಕ.

ಅವತ್ತಿನಿಂದ ಮಧ್ಯಾಹ್ನ ಚಪ್ಪರದ ಕೆಳಗೆ ಕೂರುವುದು ರೂಢಿಯಾಯಿತು. ಅವನು ಕಲ್ಲು ಕಟ್ಟುತ್ತಿದ್ದವನು, ನಾನು ಮೀನು ಮಾರುತ್ತಿದ್ದವಳು. ಇಬ್ಬರ ಇಂಗ್ಲಿಷೂ ಅಷ್ಟರಲ್ಲೇ ಇತ್ತು. ಅದಕ್ಕೆ ಈ ಬಾಲ್ದಿ ಚಾವಿ ಸೇರಿಸಿ ಹೇಗೋ ಮಾತು ನಡೆಯುತ್ತಿತ್ತು. ಅವನು ನನ್ನನ್ನು ಸೆನ್ಯೋರ ಎನ್ನುತ್ತಿದ್ದ, ನಮ್ಮಲ್ಲಿ ಅಮ್ಮಾ ಎಂದ ಹಾಗೆ. ಅವನ ಮಾತು ನನಗೆ ಪೂರಾ ತಿಳಿಯುತ್ತದೆ ಎಂದು ನಾನು ನಂಬಿದ್ದೆ. ಅವನೂ ನಂಬಿದ್ದ.

ಪ್ರಾಯದಲ್ಲಿ ಅವನು ಸಿಪಾಯಿಯಾಗಿ ಆಫ್ರಿಕಾದ ಅಂಗೋಲಾಕ್ಕೆ ಹೋಗಿದ್ದನಂತೆ. ಅವನ ಊರು ಬೆಟ್ಟದ ಮೇಲಿನ ದರಿದ್ರ ಊರು, ಕರೆಂಟು ಇರಲಿಲ್ಲ. ಸಮುದ್ರದಾಚೆಯ ದೇಶಗಳೆಲ್ಲ ಬೇರೆ ದೇಶವಲ್ಲ, ನಮ್ಮವೇ ಜಿಲ್ಲೆಗಳು ಎಂದು ಶಾಲೆಯಲ್ಲಿ ಕಲಿಸಿದ್ದರಂತೆ. ಗೋಡೆಯ ನಕಾಶೆಯಲ್ಲಿ ಎಲ್ಲಕ್ಕೂ ಒಂದೇ ಬಣ್ಣ. ಗೋವೆ ಕೈಬಿಟ್ಟ ಮೇಲೆ ಅವರ ದೇಶ ಆಳುತ್ತಿದ್ದ ಮುದುಕ ಇನ್ನು ಅಂಗುಲವನ್ನೂ ಬಿಡುವುದಿಲ್ಲ ಎಂದು ಹಟ ಹಿಡಿದ. ಅಂಗೋಲಾದವರು ನಮ್ಮ ನೆಲ ನಮಗೆ ಬಿಡಿ ಎಂದು ಎದ್ದಿದ್ದರು. ಊರೂರಿನ ಪ್ರಾಯದವರನ್ನು ಹಡಗಿಗೆ ತುಂಬಿ ಕಳಿಸಿದರು.

"ನಿಮ್ಮವರಿಂದಲೇ ನಾನು ಹೋಗಬೇಕಾಯ್ತು ಸೆನ್ಯೋರ" ಎಂದು ಕೆಣಕುತ್ತಿದ್ದ.

"ಹೌದು, ನಾನೇ ಟಿಕೇಟು ತೆಗೆದು ಹತ್ತಿಸಿದೆ" ಎನ್ನುತ್ತಿದ್ದೆ.

ಅವನಿಗೆ ಕೊಟ್ಟದ್ದು ಯಾವನೋ ದೊಡ್ಡವನ ಕಾಫಿ ತೋಟದ ಕಾವಲು. ಅವನ ತಾಯಿ ಊರಿನಲ್ಲಿ ಕಾಫಿ ಕೊಳ್ಳಲಾಗದೆ ಬಾರ್ಲಿ ಹುರಿದು ಕುದಿಸುತ್ತಿದ್ದಳು. ಮಗ ಅಲ್ಲಿ ಕಾಫಿಗಿಡಕ್ಕೆ ಬಂದೂಕು ಹಿಡಿದು ನಿಂತಿದ್ದ. ಇದನ್ನು ಕೇಳಿ ನನಗೆ ತಲೆ ಕೆಟ್ಟಿತು. ಕೇಳಲಿಲ್ಲವಾ ನೀವು ಯಾರೂ, ಇದು ಯಾರ ಕಾಫಿ ಎಂದು? ಕೇಳಲಿಲ್ಲವಂತೆ. ಆ ಯುದ್ಧ ವರ್ಷಗಟ್ಟಲೆ ಎಳೆಯಿತು. ಕೊನೆಗೆ ಸಿಪಾಯಿಗಳೇ ಸಾಕಾಗಿ ತಮ್ಮದೇ ಸರಕಾರ ಕಿತ್ತುಹಾಕಿದರು. ಸಮುದ್ರದಾಚೆಯದ್ದೆಲ್ಲ ಹೋಯಿತು. ಅಂಗೋಲಾದವರು ತಮ್ಮತಮ್ಮಲ್ಲೇ ಮತ್ತೆ ಬಡಿದಾಡಿದರು. ಇವನು ಅಷ್ಟರಲ್ಲಿ ಹೊಟ್ಟೆಪಾಡಿಗೆ ನ್ಯೂವರ್ಕಿಗೆ ಬಂದು ಇಟ್ಟಿಗೆ ಹೊರುತ್ತಿದ್ದ. ಇಷ್ಟು ಮಾತ್ರ ಹೇಳುತ್ತಿದ್ದ. ಅಲ್ಲಿ ನೀನು ಎಂತ ಮಾಡಿದೆ ಎಂದರೆ ಎದ್ದು ದ್ರಾಕ್ಷಿ ಎಲೆ ಕೀಳುತ್ತಿದ್ದ...

ಅವನ ಹೆಂಡತಿ ಸತ್ತಿದ್ದಳು. ಮಗ ಮನೆ ಕಟ್ಟುವ ಕೆಲಸದವನು. ಆ ವರ್ಷ ಯಾರೂ ಮನೆ ಕಟ್ಟುತ್ತಿರಲಿಲ್ಲವಾದ್ದರಿಂದ ಕೆಲಸ ಹುಡುಕಿಕೊಂಡು ಬೇರೆ ರಾಜ್ಯಕ್ಕೆ ಹೋಗಿದ್ದ. ಮಗನ ಮಗಳು ಅಜ್ಜನ ಜೊತೆ ಇದ್ದಳು. ಹೈಸ್ಕೂಲು ಮುಗಿಸಿ ಬೇಕರಿಯಲ್ಲಿ ನಿಲ್ಲುತ್ತಿದ್ದಳು. ಕಾಲೇಜಿನ ಫೀಸು ಕಟ್ಟುವವರಿಲ್ಲ. ಚುರುಕು ಹುಡುಗಿ, ನನ್ನನ್ನು ಆಂಟಿ ಎನ್ನುತ್ತಿದ್ದಳು. ಅವನು ಅವಳನ್ನು ಮೆನೀನ ಎಂದು ಕರೆಯುತ್ತಿದ್ದ. ಹಾಗೆಂದರೆ ಹುಡುಗಿ.

ಒಂದು ದಿನ ಆ ಹುಡುಗಿ ಸೈನ್ಯ ಸೇರುತ್ತೇನೆ ಎಂದಳು. ಸೇರಿದರೆ ಕಾಲೇಜಿನ ಖರ್ಚು ಸರಕಾರದ್ದು. ಆಗ ಇಲ್ಲಿಯವರು ಇರಾಕು, ಅಫ್ಘಾನಿಸ್ತಾನ ಎಂದು ಹೋಗುತ್ತಿದ್ದರಲ್ಲ. ಕೆಳಗೆ ಜಗಳ ಶುರುವಾಯಿತು. ಅವನು ಬೇಡ, ಬೇಡ ಎಂದಷ್ಟೇ ಕೂಗುತ್ತಿದ್ದ. ಯಾಕೆ ಬೇಡ ಎಂದು ಅವಳು ಕೇಳಿದರೆ ಬಾಗಿಲು ಬಡಿದು ಹಿತ್ತಲಿಗೆ ಹೋಗುತ್ತಿದ್ದ. ಅವರ ಹಾಲ್‌ನ ಗೋಡೆಯ ಮೇಲೆ ಒಂದು ಫೋಟೋ ಇತ್ತು. ಹಡಗಿನ ಮೇಲೆ ಸಿಪಾಯಿಗಳು ಹೆಗಲ ಮೇಲೆ ಕೈಹಾಕಿಕೊಂಡು ನಿಂತಿದ್ದಾರೆ. ನಡುವೆ ಇವನು, ಹಲ್ಲು ಕಾಣುವ ಹಾಗೆ ನಗುತ್ತಿದ್ದಾನೆ. ಆ ಹುಡುಗಿ ಹುಟ್ಟಿದಾಗಿನಿಂದ ನೋಡಿದ್ದು ಆ ನಗುವನ್ನೇ. ವೊವೊ ಹೋಗಿ ಬಂದಿಲ್ಲವಾ, ನಾನೂ ಬರುತ್ತೇನೆ, ನಾನು ಓಡಿಸುವುದು ಲಾರಿ ಎಂದು ಅವಳ ವಾದ. ಅಜ್ಜನಿಗೆ ಅವಳು ವೊವೊ ಎನ್ನುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. "ನಿನ್ನ ಬಾಯಿಗೆ ಎಂತ ಆಗಿದೆ? ಕಂಡದ್ದನ್ನು ಅವಳಿಗೆ ಹೇಳು" ಎಂದೆ. ನನ್ನ ಇಂಗ್ಲಿಷಿನಲ್ಲಿ ಅದು "ಯು ಮೌತ್ ಓಪನ್" ಎಂದಾಯಿತು. ಅವನಿಗೆ ತಿಳಿಯಿತು. ಹೇಳಿದರೆ ಅವಳು ನನ್ನನ್ನು ಅಜ್ಜ ಎಂದು ನೋಡುವುದಿಲ್ಲ ಎಂದ. ಅವಳು ಸಾಯಲು ಹೋಗುವುದಕ್ಕಿಂತ ಅದು ದೊಡ್ಡದೋ ಎಂದು ಕೇಳಿದೆ.

ಅದಾಗಿ ಕೆಲವು ದಿನಕ್ಕೆ ಚಪ್ಪರದ ಕೆಳಗೆ ಬಾಲ್ದಿಯಲ್ಲಿ ಉಪ್ಪುಮೀನು ನೆನೆಹಾಕಿ ನೀರು ಬದಲಿಸುತ್ತಿದ್ದ. ನಾನು ಹೋಗಿ ಕುಳಿತೆ. ತಲೆಯೆತ್ತದೆ "ಲಿಸನ್ ಸೆನ್ಯೋರ" ಎಂದ. ಒಂದು ಹಳ್ಳಿ ಎಂದ. ಹುಲ್ಲಿನ ಗುಡಿಸಲುಗಳು. ತುಂಬಾ ಜನ, ಓಡಾಟ, ಗದ್ದಲ. ಸೊಂಟದಿಂದ ಏನೋ ತೆಗೆದ ಹಾಗೆ ಮಾಡಿ, ಎಸೆದ ಹಾಗೆ ಮಾಡಿ, "ಗ್ರನಾದ" ಎಂದ. ಅಷ್ಟರಲ್ಲಿ ವಿಮಾನ ಬಂತು. ಯಾವತ್ತೂ ನಿಲ್ಲಿಸುವವನು ಅವತ್ತು ನಿಲ್ಲಿಸಲಿಲ್ಲ. ತುಟಿ ಅಲ್ಲಾಡುವುದು ಕಂಡೆ. ವಿಮಾನ ದಾಟಿದ ಮೇಲೆ ಕೇಳಿದ್ದು "ಮೆನೀನ" ಎಂಬ ಮಾತು, ಮತ್ತೆ ಅವನ ಕೈ ನೆಲದಿಂದ ಇಷ್ಟೇ ಎತ್ತರ ತೋರಿಸಿದ್ದು.

ನಮ್ಮ ಕರಾವಳಿಯಲ್ಲಿ ಗರ್ನಾಲು ಎಂದರೆ ದೇವರ ಹಬ್ಬಕ್ಕೆ ಸಿಡಿಸುವ ದೊಡ್ಡ ಪಟಾಕಿ. ಕಿವಿ ಕಿತ್ತುಹೋಗುವ ಸದ್ದು. ಬಾಲ್ದ್ ಎಂದರೆ ಬಾಲ್ದಿ, ಶಾವ್ ಎಂದರೆ ಚಾವಿ. ಗ್ರನಾದ ಎಂದರೆ ಗರ್ನಾಲು ಎಂದುಕೊಂಡೆ. ಏನೋ ಹಬ್ಬ, ಸಿಪಾಯಿಗಳು ಮೋಜಿಗೆ ಗರ್ನಾಲು ಎಸೆದಿದ್ದಾರೆ, ಪಾಪದ ಹುಡುಗಿಯೊಂದಕ್ಕೆ ತಾಗಿದೆ. ಇಷ್ಟನ್ನೇ ಈ ಗಂಡಸು ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದನಾ ಎನಿಸಿತು. ಸಮಾಧಾನಕ್ಕೆ ಹೇಳಿದೆ, "ಮೈ ಪ್ಲೇಸ್ ಆಲ್ಸೊ. ಎವ್ರಿ ಇಯರ್." ನಮ್ಮಲ್ಲೂ ಆಗುತ್ತದಪ್ಪ, ಮಕ್ಕಳು ಅಡ್ಡ ಬಂದರೆ ಏನು ಮಾಡಲಾಗುತ್ತದೆ, ಎಂದು.

ಅವನು ನನ್ನನ್ನೇ ನೋಡಿದ. ಮೀನಿನ ನೀರು ಸೋರುವ ಕೈಯಲ್ಲೇ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಎದ್ದು ಒಳಗೆ ಹೋದ. ನಡಿಗೆ ಹಗುರಾಗಿತ್ತು...

ಮಾರನೆಯ ದಿನ ಹುಡುಗಿ ಮೇಲೆ ಬಂದಳು. ಮಗಳು ಅವಳ ಮಾತನ್ನು ನನಗೆ ಹೇಳಿದಳು. "ವೊವೊ ಹೇಳ್ತಾನಂತೆ, ಮೇಲಿನ ಆಂಟಿಗೆ ಎಲ್ಲಾ ಹೇಳಿದೀನಿ, ನಂಗೆ ಇನ್ನೊಂದ್ಸಲ ಆಗೋದಿಲ್ಲ, ಅವಳನ್ನೇ ಕೇಳು ಅಂತ. ಎಂತ ಹೇಳ್ದ ಆಯಿ?"

ನನಗೆ ತಿಳಿದದ್ದನ್ನು ಹೇಳಿದೆ. ಯಾವುದೋ ಹಳ್ಳಿಯ ಹಬ್ಬ, ಪಟಾಕಿ ಸಿಡಿಯಿತು, ಒಂದು ಹುಡುಗಿಗೆ ಪೆಟ್ಟಾಯಿತು. ಹುಡುಗಿ ಕಣ್ಣರಳಿಸಿದಳು, ಆಮೇಲೆ ನಕ್ಕಳು. ಇಷ್ಟಕ್ಕೇ ಇಷ್ಟು ದಿನ ಕೂಗಾಡಿದ್ದಾ ಎಂದಳಂತೆ. ನನ್ನನ್ನು ತಬ್ಬಿ, ಮೆಟ್ಟಿಲು ಹಾರಿ ಇಳಿದು ಹೋದಳು. ಆ ವಾರವೇ ಸಹಿ ಹಾಕಿದಳು.

ಅವಳು ತರಬೇತಿಗೆ ಹೋದ ಮೇಲೆ ಒಂದು ಸಂಜೆ ಕೆಳಗೆ ಅವನ ಟೀವಿ ನೋಡುತ್ತಾ ಕುಳಿತಿದ್ದೆವು. ವಾರ್ತೆಯಲ್ಲಿ ಒಬ್ಬ ಸಿಪಾಯಿ ಸೊಂಟಕ್ಕೆ ಸಿಕ್ಕಿಸಿದ್ದ ಕಬ್ಬಿಣದ ಉಂಡೆಯಂಥದ್ದನ್ನು ಇವನು ಬೆರಳಿಟ್ಟು ತೋರಿಸಿದ. "ಗ್ರನಾದ" ಎಂದ. ಮಗಳನ್ನು ಕರೆದು ಕೇಳಿದೆ. ಅದು ಪಟಾಕಿಯಲ್ಲ ಆಯಿ, ಕೈಬಾಂಬು ಎಂದಳು. ಗುಡಿಸಲಿನೊಳಗೆ ಎಸೆಯುತ್ತಾರೆ, ಒಳಗಿದ್ದವರು ಉಳಿಯುವುದಿಲ್ಲ.

ನಾನು ಅಲ್ಲೇ ಬೈದೆ. ಕನ್ನಡ, ಕೊಂಕಣಿ, ಇಂಗ್ಲಿಷ್, ಯಾವುದು ಬಾಯಿಗೆ ಬಂತೋ ಅದರಲ್ಲಿ. ಮೊಮ್ಮಗಳು ನಿನ್ನವಳು, ಮಾತು ನಿನ್ನದು, ಅವಳಿಗೆ ತಿಳಿಯುವ ಭಾಷೆ ನಿನ್ನ ಬಾಯಲ್ಲಿದೆ. ನನಗೆ ಯಾಕೆ ಹೇಳಿದೆ? ಅವನು ಹೇಳಿದ್ದು ಒಂದೇ, "ಸೆನ್ಯೋರ ಸೆಡ್, ಮೈ ಪ್ಲೇಸ್ ಆಲ್ಸೊ." ನಾವು ಅವರ ಗುಂಡಿಗೆ ಸಿಕ್ಕ ಊರಿನವರು, ನಮ್ಮಲ್ಲೂ ಮಕ್ಕಳು ಹಾಗೆ ಸತ್ತಿದ್ದಾರೆ, ಆದರೂ ಅವನನ್ನು ಮನ್ನಿಸಿದೆ ಎಂದುಕೊಂಡಿದ್ದನಂತೆ. ಮನ್ನಿಸಲು ನಾನು ಯಾರು? ಆ ಗುಡಿಸಲಿನವರು ನಮ್ಮ ಪರವಾಗಿ ನೀನೇ ಮನ್ನಿಸು ಎಂದು ನನಗೆ ಮುಕ್ತಿಯಾರು ಕೊಟ್ಟು ಹೋಗಿದ್ದರಾ?

ಈಗಲಾದರೂ ಫೋನು ಮಾಡಿ ಹೇಳು ಎಂದೆ. ಸಹಿ ಹಾಕಿದ ಮೇಲೆ ತಪ್ಪಿಸಿಕೊಳ್ಳಲಾಗದು, ಆದರೂ ಅವಳಿಗೆ ತಿಳಿದಿರಲಿ. ಫೋನು ಹಿಡಿದ. ಊಟ ಮಾಡಿದೆಯಾ, ಅಲ್ಲಿ ಚಳಿಯಾ ಎಂದು ಕೇಳಿದ. ಇಟ್ಟುಬಿಟ್ಟ. ನಾನು ಆಮೇಲೆ ಬಹಳ ದಿನ ಅವನ ಜೊತೆ ಮಾತು ಬಿಟ್ಟೆ. ಬಿಟ್ಟವಳೂ ನಾನೇ, ಬೇಜಾರಾಗಿ ಚಪ್ಪರಕ್ಕೆ ಮರಳಿ ಹೋದವಳೂ ನಾನೇ.

ಅವಳನ್ನು ಅಫ್ಘಾನಿಸ್ತಾನಕ್ಕೆ ಕಳಿಸಿದರು. ಅವಳು ಅಲ್ಲಿರುವಾಗಲೇ ಇಲ್ಲಿ ಅವನ ಎದೆ ನಿಂತಿತು. ಮಗ ಬಂದು ಮನೆ ಮಾರಿದ. ಅಳಿಯನಿಗೆ ಮತ್ತೆ ಕೆಲಸ ಸಿಕ್ಕಿದ್ದರಿಂದ ನಾವು ಮೆಟುಚೆನ್‌ಗೆ ಬಂದೆವು. ಹೊಸ ಯಜಮಾನ ಚಪ್ಪರ ಕಿತ್ತು ಕಾರು ನಿಲ್ಲಿಸಲು ಸಿಮೆಂಟು ಹಾಕಿಸಿದನೆಂದು ಆಮೇಲೆ ಕೇಳಿದೆ.

ಹುಡುಗಿ ತಿರುಗಿ ಬಂದಳು. ಕೈಕಾಲು ನೆಟ್ಟಗಿತ್ತು. ಬಾಯಿ ಮಾತ್ರ ಅಜ್ಜನದಾಗಿತ್ತು. ನಮ್ಮನ್ನು ನೋಡಲು ಒಮ್ಮೆ ಮೆಟುಚೆನ್‌ಗೆ ಬಂದಳು. ಮೊದಲು ಬಾಯಿ ಮುಚ್ಚದವಳು ಚಹಾ ಲೋಟ ಹಿಡಿದುಕೊಂಡು ಕುಳಿತೇ ಇದ್ದಳು. ನಾನು ಸಿದ್ಧವಾಗಿದ್ದೆ. ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ, ಈ ಸಲ ಒಂದು ಮಾತೂ ತಪ್ಪಬಾರದೆಂದು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ನಿನ್ನ ವೊವೊ ಅವತ್ತು ಹೇಳಿದ್ದು ಹಬ್ಬದ ಪಟಾಕಿ ಅಲ್ಲ ಎಂದು ಶುರು ಮಾಡಿದೆ. ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಂತೆ ಹುಡುಗಿ ಕೈ ಅಡ್ಡ ಹಿಡಿದಳು.

"ಐ ನೋ, ಆಂಟಿ."

"ಯಾರು ಹೇಳಿದ್ರು ಕೇಳೇ" ಎಂದೆ ಮಗಳಿಗೆ.

ಮಗಳು ಕೇಳಿದಳು. ಹುಡುಗಿ ಲೋಟದ ಕಡೆಯೇ ನೋಡುತ್ತಿದ್ದಳು. "ನೋಬಡಿ" ಎಂದಳು.

ಆಮೇಲೆ ನಾನೂ ಕೇಳಲಿಲ್ಲ. ಈಗ ಅವಳು ಪೆನ್ಸಿಲ್ವೇನಿಯಾದಲ್ಲಿದ್ದಾಳೆ. ಕಾಲೇಜು ಮುಗಿಸಿದಳು, ಸರಕಾರ ಕೊಡುತ್ತೇನೆಂದದ್ದನ್ನು ಕೊಟ್ಟಿತು. ಅದರಲ್ಲಿ ಮೋಸವಿಲ್ಲ. ಮಗಳು ನನಗೆ, ನಿನ್ನ ತಪ್ಪೇನೂ ಇಲ್ಲ ಆಯಿ, ಅವನನ್ನು ಬಿಟ್ಟುಬಿಡು ಎನ್ನುತ್ತಾಳೆ. ತಪ್ಪು ನನ್ನದೆಂದು ನಾನೆಲ್ಲಿ ಹೇಳಿದೆ? ತಪ್ಪು ಅವನದೇ. ಇವತ್ತು ಅವನಿದ್ದಿದ್ದರೆ ಬಸ್ಸು ಹಿಡಿದಾದರೂ ನ್ಯೂವರ್ಕಿಗೆ ಹೋಗಿ ಜಗಳ ತೆಗೆಯುತ್ತಿದ್ದೆ. ಈ ದೇಶದಲ್ಲಿ ನನಗೆ ಜಗಳ ಆಡುವಷ್ಟು ಮಾತು ಬರುತ್ತಿದ್ದದ್ದು ಅವನೊಬ್ಬನ ಜೊತೆ.