ಕಾರಿಲ್ಲದ ದಾರಿಗಳ ಜೆನಿಶಾ

ಫ್ರಾನ್ಸಿನ ಹಳ್ಳಿಗಾಡಿನ ಸೈಕಲ್ ದಾರಿಗಳು ಜೆನಿಶಾ ಮಿನೇಜಸ್‌ಗೆ ಅಂಗೈ ಗೆರೆಗಳಷ್ಟು ಪರಿಚಿತ. ಯಾವ ಕಾಲುವೆಯ ದಂಡೆಯಲ್ಲಿ ಎಷ್ಟನೇ ಕಿಲೋಮೀಟರಿಗೆ ಕುಡಿಯುವ ನೀರಿನ ನಲ್ಲಿಯಿದೆ, ಯಾವ ಊರಿನ ಬ್ರೆಡ್ಡಿನ ಅಂಗಡಿ ಸೋಮವಾರ ಬಾಗಿಲು ಹಾಕಿರುತ್ತದೆ, ಯಾವ ಹಳೆಯ ರೈಲು ಸುರಂಗದೊಳಗೆ ದೀಪವಿಲ್ಲ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಿದ್ದಳು. ಆದರೆ ಅವಳು ಫ್ರಾನ್ಸಿಗೆ ಒಂದು ಸಲವೂ ಹೋದವಳಲ್ಲ. ಅದಕ್ಕಿಂತ ದೊಡ್ಡ ಗುಟ್ಟು ಇನ್ನೊಂದಿತ್ತು. ಅವಳಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ.

ಹತ್ತನೇ ವಯಸ್ಸಿನಲ್ಲಿ ಕಿನ್ನಿಗೋಳಿಯ ಇಳಿಜಾರಿನಲ್ಲಿ ಅಣ್ಣನ ಸೈಕಲ್ಲಿನಿಂದ ಬಿದ್ದು ಮೊಣಕೈ ಮುರಿದುಕೊಂಡಿದ್ದಳು. ಆಮೇಲೆ ಅದನ್ನು ಮುಟ್ಟಲಿಲ್ಲ. ಮಂಗಳೂರಿನ ಕಾಲೇಜಿನಲ್ಲಿ ಹಿಂದಿಯ ಬದಲು ಫ್ರೆಂಚ್ ಆರಿಸಿಕೊಂಡದ್ದು ಅಂಕ ಸಿಗುತ್ತದೆಂಬ ಆಸೆಗೆ. ಆ ಫ್ರೆಂಚೇ ಹದಿನೆಂಟು ವರ್ಷಗಳ ನಂತರ ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಅವಳಿಗೆ ಕೆಲಸ ಕೊಡಿಸಿತು. ಫ್ರಾನ್ಸಿನಲ್ಲಿ ಸೈಕಲ್ ಪ್ರವಾಸ ನಡೆಸುವ ಒಂದು ಸಣ್ಣ ಕಂಪನಿಯ ಸಹಾಯಕ ಕಚೇರಿ ಅದು. ಐದನೇ ಮಹಡಿ, ಆರು ಮೇಜು, ಒಂದು ಕಾಫಿ ಯಂತ್ರ. ಕಿಟಕಿಯ ಕೆಳಗೆ ಹೆದ್ದಾರಿಯಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಕಾರುಗಳು ಒಂದರ ಹಿಂದೊಂದು ನಿಂತಿರುತ್ತಿದ್ದವು. ಜೆನಿಶಾ ಅದಕ್ಕೆ ಬೆನ್ನು ಹಾಕಿ ಕುಳಿತು, ಕಾರೇ ಬಾರದ ದಾರಿಗಳನ್ನು ಹುಡುಕುತ್ತಿದ್ದಳು.

ಹಿಂದೆ ಕುದುರೆಗಳು ದೋಣಿಗಳನ್ನು ಎಳೆದುಕೊಂಡು ನಡೆಯುತ್ತಿದ್ದ ಕಾಲುವೆ ದಂಡೆಗಳು, ಹಳಿ ಕಿತ್ತು ಡಾಂಬರು ಹಾಕಿದ ಹಳೆಯ ರೈಲು ಮಾರ್ಗಗಳು, ದ್ರಾಕ್ಷಿ ತೋಟಗಳ ನಡುವಿನ ಬಂಡಿದಾರಿಗಳು. ಇವನ್ನೆಲ್ಲ ಉಪಗ್ರಹದ ಚಿತ್ರಗಳಲ್ಲಿ ನೋಡಿ, ಒಂದಕ್ಕೊಂದು ಪೋಣಿಸಿ, ಪ್ರವಾಸಿಗಳ ಫೋನಿಗೆ ಕಳಿಸುವುದು ಅವಳ ಕೆಲಸ. ಮಧ್ಯಾಹ್ನ ಮೂರರ ನಂತರ ಸಹಾಯವಾಣಿಯೂ ಅವಳದೇ. ಫ್ರಾನ್ಸಿನಲ್ಲಿ ಆಗ ಬೆಳಗಿನ ಒಂಬತ್ತು ಗಂಟೆ, ಎಲ್ಲರೂ ಸೈಕಲ್ ಹತ್ತುವ ಹೊತ್ತು.

ಆ ಮೇ ತಿಂಗಳ ಮಂಗಳವಾರ ಮೂರೂಮುಕ್ಕಾಲಿಗೆ ಫೋನ್ ಬಂತು.

"ಹಲೋ, ಮೇಡಂ, ದಿಸ್ ಈಸ್ ಅನಂತಕೃಷ್ಣ. ಬ್ರಿಡ್ಜ್ ಕ್ಲೋಸ್ಡ್. ಕಂಪ್ಲೀಟ್ಲಿ ಕ್ಲೋಸ್ಡ್. ಬಿಗ್ ಫೆನ್ಸ್." ಮುದುಕರ ದನಿ. ಅದರ ಹಿಂದೆ ಹೆಂಗಸೊಬ್ಬರ ದನಿ ಕೇಳಿಸಿತು. ಫೋನಿನಿಂದ ಬಾಯಿ ತಿರುಗಿಸಿ ಅವರಿಗೆ ಆತ ಹೇಳಿದರು: "ಇರು ಚೇತನ, ಕೇಳ್ತಾ ಇದೀನಿ. ಎಲ್ಲೋ ಕಂಪ್ಯೂಟರ್ ಮುಂದೆ ಕೂತಿರೋ ಹುಡುಗಿ, ಇದಕ್ಕೇನು ಗೊತ್ತಿರುತ್ತೆ ಪಾಪ."

ಜೆನಿಶಾಳ ಬೆನ್ನು ನೆಟ್ಟಗಾಯಿತು. ನಾಲ್ಕು ವರ್ಷದಲ್ಲಿ ಜರ್ಮನ್ನರು, ಡಚ್ಚರು, ಆಸ್ಟ್ರೇಲಿಯದವರು ಫೋನ್ ಮಾಡಿದ್ದರು. ಕನ್ನಡ ಇದೇ ಮೊದಲು.

"ಸರ್, ಸ್ವಲ್ಪ ಸ್ವಲ್ಪ ಗೊತ್ತುಂಟು," ಎಂದಳು. "ನೀವು ಎಲ್ಲಿ ನಿಂತಿದ್ದೀರಿ ಹೇಳಿ, ಆಯ್ತಾ?"

ಹೆಂಗಸಿನ ದನಿ ಹತ್ತಿರವೇ ಕಿರುಚಿತು. "ಅಯ್ಯೋ ರೀ, ಕನ್ನಡ! ಫೋನ್ ಕೊಡಿ ಇಲ್ಲಿ!"

ಮೈಸೂರಿನವರು. ಅನಂತಕೃಷ್ಣ ವಿದ್ಯುತ್ ಮಂಡಳಿಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು; ಹೆಂಡತಿ ಚೇತನ ಸಸ್ಯಶಾಸ್ತ್ರ ಪಾಠ ಮಾಡಿದವರು. ಬರ್ಗಂಡಿಯ ಕಾಲುವೆ ದಾರಿಯಲ್ಲಿ ಐದು ದಿನದ ಪ್ರವಾಸ, ಇದು ಮೂರನೇ ದಿನ. ದಾರಿ ಸೇತುವೆ ದಾಟಿ ಆಚೆ ದಂಡೆಗೆ ಹೋಗಬೇಕಿತ್ತು. ಬೆಳಗ್ಗೆಯಷ್ಟೇ ಸೇತುವೆಗೆ ರಿಪೇರಿಯ ಬೇಲಿ ಬಿದ್ದಿದೆ. ಮುಂದಿನ ಸೇತುವೆ ನಾಲ್ಕು ಕಿಲೋಮೀಟರ್ ದೂರ. ಅಲ್ಲಿಗಿರುವುದು ಕಲ್ಲುಕೋರೆಯ ಲಾರಿಗಳು ಓಡಾಡುವ ರಸ್ತೆ ಮಾತ್ರ. ಚೇತನ ಆ ರಸ್ತೆಯ ಅಂಚಿಗೆ ಹೋಗಿ ನೋಡಿ, ಒಂದು ಲಾರಿಯ ಗಾಳಿಗೇ ತತ್ತರಿಸಿ ವಾಪಸು ಬಂದಿದ್ದರು.

ವ್ಯವಸ್ಥಾಪಕ ಜಯರಾಮ ಮೇಜಿನ ಬಳಿ ಬಂದು ನಿಂತ. ಕ್ಲಾಂಗ್ ಊರಿನ ತಮಿಳರವನು, ಒಳ್ಳೆಯವನು, ಆದರೆ ನಿಯಮದ ಮನುಷ್ಯ. "ವ್ಯಾನ್ ಕಳಿಸು ಲಾ, ಸಿಂಪಲ್," ಎಂದ, ವಿಷಯ ತಿಳಿದುಕೊಂಡು, ಮಲೇಷ್ಯಾದವರ 'ಲಾ' ಬೆರೆತ ಇಂಗ್ಲಿಷಿನಲ್ಲಿ.

"ವ್ಯಾನ್ ಬರ್ಲಿಕ್ಕೆ ಎರಡು ಗಂಟೆ ಬೇಕು ಮೇಡಂ. ಕಳಿಸ್ಲಾ?" ಎಂದು ಜೆನಿಶಾ ಕೇಳಿದಳು.

"ಬೇಡ," ಎಂದರು ಚೇತನ. "ನೋಡಮ್ಮ, ಐವತ್ತೇಳನೇ ವಯಸ್ಸಿಗೆ ಸೈಕಲ್ ಕಲ್ತಿದೀನಿ ನಾನು. ಐದು ದಿನ ಒಂದೇ ಒಂದು ಕಾರು ಹತ್ತದೆ ಮುಗಿಸ್ತೀನಿ ಅಂತ ಹೇಳಿ ಬಂದಿದೀನಿ. ಬೇರೆ ದಾರಿ ಹುಡುಕು."

ಜೆನಿಶಾ ಆಗಲೇ ಹುಡುಕುತ್ತಿದ್ದಳು. ಆ ಜಾಗ ಅವಳಿಗೆ ನೆನಪಿತ್ತು. ಎರಡು ವರ್ಷದ ಹಿಂದೆ ಅಲ್ಲಿನ ಸ್ಮಶಾನದ ಹಿಂದೆ ಮರಗಳ ಒಂದು ಸಾಲು ಕಂಡು ಹಳದಿ ಪ್ರಶ್ನೆ ಚಿಹ್ನೆ ಹಾಕಿಟ್ಟಿದ್ದಳು. ಸಾಲು ತೀರಾ ನೇರ, ಕೊನೆಯಲ್ಲಿ ಹಗುರವಾದ ಒಂದು ಬಳುಕು. ಹೊಲದ ಬೇಲಿ ಹಾಗೆ ಬಳುಕುವುದಿಲ್ಲ, ರೈಲು ಹಾಗೆ ಬಳುಕುತ್ತದೆ. ಯಾವ ನಕಾಶೆಯಲ್ಲೂ ಇಲ್ಲದ ಹಳೆಯ ರೈಲು ದಾರಿ ಅದು. ಚಿತ್ರವನ್ನು ಹಿಗ್ಗಿಸಿದಳು. ಕಾಲುವೆಯ ನೀರಿನ ಮೇಲೆ ಒಂದು ಕಪ್ಪು ಪಟ್ಟಿ. ನೆರಳು. ಅಂದರೆ ಸೇತುವೆ ಇನ್ನೂ ನಿಂತಿದೆ. ಇನ್ನಷ್ಟು ಹಿಗ್ಗಿಸಿದಳು. ನೆರಳಿನ ಎರಡೂ ಕಡೆ ಮಣ್ಣಿನಲ್ಲಿ ಜೋಡಿ ಗೆರೆಗಳು.

"ಟ್ರ್ಯಾಕ್ಟರ್!" ಎಂದು ಕೂಗಿಬಿಟ್ಟಳು. ಕಚೇರಿಯವರೆಲ್ಲ ತಿರುಗಿ ನೋಡಿದರು. "ಟ್ರ್ಯಾಕ್ಟರ್ ಹೋಗ್ತದೆ ಅಂದ್ರೆ ಸೈಕಲ್ ಹೋಗುದಿಲ್ವಾ?"

"ನಮ್ಮ ಫೈಲಿನಲ್ಲಿ ಇಲ್ಲ ಅದು," ಎಂದ ಜಯರಾಮ. "ಚಿತ್ರ ಯಾವ ಕಾಲದ್ದೋ. ಏನಾದರೂ ಆದರೆ ನಿನ್ನ ತಲೆ, ನನ್ನ ತಲೆ ಎರಡೂ ಹೋಗುತ್ತವೆ."

"ಲಾರಿ ರಸ್ತೆಯೂ ಫೈಲಲ್ಲಿ ಇಲ್ಲ ಬಾಸ್. ಸೇತುವೆ ಸರಿ ಇಲ್ಲದಿದ್ದರೆ ಅವರು ದಾಟುವುದಿಲ್ಲ, ತಿರುಗಿ ಬರುತ್ತಾರೆ. ಅಷ್ಟರೊಳಗೆ ವ್ಯಾನೂ ಹೊರಟಿರಲಿ."

ಜಯರಾಮ ತಲೆ ಕೆರೆದುಕೊಂಡು ವ್ಯಾನಿಗೆ ಫೋನ್ ಮಾಡಲು ಹೋದ. ಬೇಡ ಎನ್ನಲಿಲ್ಲ.

"ಮೇಡಂ, ಹಿಂದೆ ತಿರುಗಿ. ಇನ್ನೂರು ಮೀಟರ್ ಆದ ಮೇಲೆ ಎಡಕ್ಕೆ ಸ್ಮಶಾನದ ಗೋಡೆ ಕಾಣ್ತದಾ?"

"ಕಾಣುತ್ತೆ. ರೀ, ಬನ್ನಿ ಬೇಗ!"

"ಗೋಡೆ ಮುಗಿದ ಕೂಡಲೇ ಮರದ ಸಾಲು. ಅದರ ಬುಡದಲ್ಲೇ ಹೋಗಿ."

ಫೋನಿನಲ್ಲಿ ಜಲ್ಲಿಯ ಮೇಲೆ ಚಕ್ರ ಉರುಳುವ ಸದ್ದು, ಅನಂತಕೃಷ್ಣರ ಏದುಸಿರು. "ಚೇತನ, ಚಾರ್ಜ್ ಹನ್ನೊಂದೇ ಪರ್ಸೆಂಟ್ ಇದೆ ಕಣೇ!" ಎಂಬ ಕೂಗು. ಜೆನಿಶಾ ಪರದೆಯ ಮೇಲೆ ಬೆರಳಿಟ್ಟು ಅವರ ಜೊತೆಗೇ ಸರಿಯುತ್ತಿದ್ದಳು. ಅಷ್ಟರಲ್ಲಿ ನಾಯಿ ಬೊಗಳಿತು.

"ಗೇಟಿದೆ," ಎಂದರು ಚೇತನ, ದನಿ ಸಣ್ಣದು ಮಾಡಿ. "ಬೀಗ. ಒಬ್ಬಳು ಹೆಂಗಸು ಬರ್ತಿದಾಳೆ. ಬೂಟ್ಸು ಹಾಕಿದಾಳೆ. ಮುಖ ನೋಡಿದ್ರೆ ಬೈಯೋ ಹಾಗಿದಾಳೆ."

"ಸ್ಪೀಕರ್ ಹಾಕಿ ಮೇಡಂ. ಫೋನ್ ಅವರ ಕಡೆ ಹಿಡಿರಿ."

ಜೆನಿಶಾ ಗಂಟಲು ಸರಿಮಾಡಿಕೊಂಡು ಫ್ರೆಂಚಿನಲ್ಲಿ ನಮಸ್ಕಾರ ಹೇಳಿದಳು. ಸೇತುವೆಗೆ ಬೇಲಿ ಬಿದ್ದದ್ದು, ಲಾರಿ ರಸ್ತೆ, ಇವರು ಭಾರತದಿಂದ ಬಂದದ್ದು, ಇಬ್ಬರಿಗೂ ಅರವತ್ತು ದಾಟಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಹಳೆಯ ರೈಲು ಸೇತುವೆ ಗಟ್ಟಿಯಿದೆಯೇ ಎಂದು ಕೇಳಿದಳು. ರೈತ ಹೆಂಗಸು ಜೋರಾಗಿ ನಕ್ಕಳು. ಇಪ್ಪತ್ತು ವರ್ಷದಿಂದ ಹುಲ್ಲು ಹೇರಿಕೊಂಡು ಅದನ್ನು ದಾಟುತ್ತಿದ್ದೇನೆ, ಈ ಇಬ್ಬರ ಭಾರಕ್ಕೆ ಬೀಳುತ್ತದೆಯೇ ಎಂದಳು. ದಾಟಲಿ, ಆದರೆ ಆಚೆ ಗೇಟು ಹಾಕಿಕೊಂಡೇ ಹೋಗಬೇಕು, ಹಸುಗಳಿವೆ. ಅದನ್ನು ಎರಡು ಸಲ ಹೇಳಿದಳು.

ಬೀಗ ತೆಗೆದ ಸದ್ದು ಪೆಟಾಲಿಂಗ್ ಜಯಾದ ಐದನೇ ಮಹಡಿಯವರೆಗೂ ಕೇಳಿಸಿತು. ನಂತರ ಹಲಗೆಗಳ ಮೇಲೆ ಚಕ್ರಗಳು ಹಾಯುವ ಗಡಗಡ. ಆಮೇಲೆ ಚೇತನ ಅವರ ಕೇಕೆ. "ದಾಟಿದ್ವಿ! ರೀ, ಗೇಟು ಹಾಕಿ! ಕಾಲುವೆ ದಾರಿ ಕಾಣ್ತಿದೆ ಕಣಮ್ಮ, ಎರಡೂ ಕಡೆ ಪ್ಲೇನ್ ಮರ, ನಮ್ಮ ಚಿನಾರ್ ಜಾತಿದು, ಒಂದು ನರಪಿಳ್ಳೆ ಇಲ್ಲ!"

ಜಯರಾಮ ವ್ಯಾನನ್ನು ವಾಪಸು ಕಳಿಸಿದ. ಯಾರೋ ಚಪ್ಪಾಳೆ ತಟ್ಟಿದರು. ಜೆನಿಶಾಳಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

"ನಿನ್ನ ಹೆಸರೇನಮ್ಮ? ಈ ಕಡೆ ಎಷ್ಟು ಸಲ ಬಂದಿದೀಯ ನೀನು?" ಎಂದು ಚೇತನ ಕೇಳಿದರು.

ಸುಳ್ಳು ಹೇಳಬಹುದಿತ್ತು. ಖುಷಿಯಲ್ಲಿ ನಿಜವೇ ಬಾಯಿಗೆ ಬಂತು. "ಜೆನಿಶಾ. ಒಂದು ಸಲವೂ ಬರ್ಲಿಲ್ಲ ಮೇಡಂ. ನನಗೆ ಸೈಕಲ್ಲೇ ಬರುದಿಲ್ಲ."

"ಏನಂದೆ?" ಚೇತನ ಮೇಷ್ಟರ ದನಿ ತೆಗೆದರು. "ವಯಸ್ಸೆಷ್ಟು?"

"ಮೂವತ್ತೊಂಬತ್ತು."

"ನಾಚಿಕೆಯಾಗಲ್ವಾ? ಕೇಳಿಸ್ಕೋ. ಪೆಡಲ್ ಬಿಚ್ಚಿಸು. ಸೀಟು ತಗ್ಗಿಸು. ಎರಡೂ ಕಾಲು ನೆಲಕ್ಕೆ ಊರಿ ತಳ್ಕೊಂಡು ಹೋಗು, ಮಕ್ಕಳ ಹಾಗೆ. ಕಾಲು ತಾನಾಗೇ ಮೇಲೆ ಬಂದ ದಿನ ಪೆಡಲ್ ಹಾಕಿಸು. ನಾನು ಹಾಗೇ—" ಅಲ್ಲಿಗೆ ಚಾರ್ಜ್ ಮುಗಿಯಿತು.

ಆ ಭಾನುವಾರ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಜೆನಿಶಾ, ಗಂಡ ರಾಬಿನ್, ಹನ್ನೊಂದರ ಮಗಳು ರಿಯೋನಾ ಹತ್ತಿರದ ಪುತ್ರಜಯಾ ನಗರಕ್ಕೆ ಹೊರಟರು. ಅಲ್ಲಿನ ರಸ್ತೆಗಳು ಅಗಲವೇನೋ ಅಗಲ, ಆದರೆ ಕಾರುಗಳಿಗೇ. ಸರೋವರದ ದಂಡೆಯಲ್ಲಿ ಮಾತ್ರ ಸೈಕಲ್ಲಿಗೆಂದೇ ಒಂದು ದಾರಿಯಿದೆ. ಮಗಳಿಗೆಂದು ಕೊಂಡ ಸೈಕಲ್ಲಿನ ಪೆಡಲನ್ನು ಹಾಸನದಲ್ಲಿ ಬೆಳೆದ ರಾಬಿನ್ ಬಿಚ್ಚಿ ಜೇಬಿಗೆ ಹಾಕಿಕೊಂಡ.

"ಮಮ್ಮಿ, ಡೋಂಟ್ ಲುಕ್ ಅಟ್ ದ ವೀಲ್ ಲಾ! ಲುಕ್ ಅಹೆಡ್!" ಎಂದು ರಿಯೋನಾ ಪಕ್ಕದಲ್ಲಿ ಓಡುತ್ತಿದ್ದಳು.

"ನೀನು ಸ್ವಲ್ಪ ಸುಮ್ನಿರೇ ಮಾರಾಯ್ತಿ!"

ಮೊದಲ ಭಾನುವಾರ ಎರಡು ಸಲ ಹುಲ್ಲಿಗೆ ಬಿದ್ದಳು. ಎರಡನೆಯ ಭಾನುವಾರ ಕಾಲುಗಳು ನೆಲ ಬಿಟ್ಟವು. ಒಂದು, ಎರಡು, ಮೂರು ಎಂದು ಮಗಳು ಎಣಿಸುತ್ತಾ ಹೋಗಿ ಒಂಬತ್ತಕ್ಕೆ ನಿಂತಳು. ಮೂರನೆಯ ಭಾನುವಾರ ರಾಬಿನ್ ಪೆಡಲ್ ಹಾಕಿದ. ಜೆನಿಶಾ ತುಳಿದಳು. ಗಾಳಿ ಕಿವಿಗೆ ಹೊಡೆಯಿತು, ನೀರು ಪಕ್ಕದಲ್ಲಿ ಓಡತೊಡಗಿತು. ಹಿಂದೆ ರಾಬಿನ್ "ಬ್ರೇಕ್ ಹಿಡಿ, ಬ್ರೇಕ್ ಹಿಡಿ ಕಣೇ!" ಎಂದು ಕೂಗುತ್ತಿದ್ದ. ಅವಳು ಹಿಡಿಯಲಿಲ್ಲ. ಗಂಟಲು ಬಿಟ್ಟು ನಗುತ್ತಾ ಹೋದಳು. ಎದುರಿಗೆ ಓಡಿಕೊಂಡು ಬರುತ್ತಿದ್ದ ಮಲಯ್ ಮುದುಕರೊಬ್ಬರು ಪಕ್ಕಕ್ಕೆ ಸರಿದು ಹೆಬ್ಬೆರಳೆತ್ತಿ ತೋರಿಸಿದರು.

ಆರನೆಯ ಭಾನುವಾರ ದಾರಿ ಒಂದು ಸೇತುವೆಯ ಕಡೆಗೆ ಏರಿತು. ಕಣ್ಣಿಗೆ ಏನೂ ಅಲ್ಲದ ಏರು. ಅರ್ಧಕ್ಕೆ ತೊಡೆಗಳು ಉರಿದವು, ಉಸಿರು ಸಿಕ್ಕಿಕೊಂಡಿತು. ಇಳಿದು ತಳ್ಳಿಕೊಂಡು ಹೋದಳು. ತುದಿಯಲ್ಲಿ ನಿಂತು ಫೋನಿನಲ್ಲಿ ಏರಿನ ಲೆಕ್ಕ ನೋಡಿದಳು. ನೂರು ಮೀಟರಿಗೆ ನಾಲ್ಕು ಮೀಟರ್. ಇದರ ಎರಡರಷ್ಟು ಏರುಗಳಿಗೆ ಅವಳು ನಾಲ್ಕು ವರ್ಷದಿಂದ 'ಸುಲಭ' ಎಂದು ಬರೆಯುತ್ತಿದ್ದಳು. ಚೇತನ ಅವರಂಥವರು ಅವನ್ನು ತುಳಿದುಕೊಂಡು ಹೋಗಿದ್ದರು!

"ರಾಬಿನ್, ನಾನು ಎಲ್ಲಾ ಮತ್ತೆ ಮಾಡ್ಬೇಕು," ಎಂದಳು, ಬೆವರು ಒರೆಸಿಕೊಳ್ಳುತ್ತ. ಅವಳ ಕಣ್ಣು ಹೊಳೆಯುತ್ತಿತ್ತು. "ಎಲ್ಲಾ ಅಂದ್ರೆ ಎಲ್ಲಾ!"

ಸೋಮವಾರ ಎಂಟಕ್ಕೇ ಕಚೇರಿಯಲ್ಲಿದ್ದಳು. ಜಯರಾಮ ಬರುವಷ್ಟರಲ್ಲಿ ಹನ್ನೆರಡು ದಾರಿಗಳ ಮೇಲೆ ಕೆಂಪು ಗುರುತು ಬಿದ್ದಿತ್ತು. ಗುಡ್ಡದ ಮೇಲಿನ ಕೋಟೆಯನ್ನು ತೋರಿಸುವ ಒಂದು ಚಂದದ ದಾರಿಗಾಗಿ ಅವನು ವಾದಿಸಿದ. "ಕೋಟೆ ಕೆಳಗಿನಿಂದಲೂ ಕಾಣುತ್ತದೆ ಬಾಸ್. ಬೇಕಾದರೆ ಭಾನುವಾರ ಪುತ್ರಜಯಾಕ್ಕೆ ಬನ್ನಿ, ಆಮೇಲೆ ಮಾತಾಡೋಣ," ಎಂದಳು ಜೆನಿಶಾ.

ಅವನು ನಿಜವಾಗಿಯೂ ಬಂದ. ಸೇತುವೆಯ ಏರಿನಲ್ಲಿ ಅವನೂ ಇಳಿದು ತಳ್ಳಿದ. ಮಾರನೆಯ ವಾರ ಅವನೇ ಲಿಯಾನ್ ನಗರದ ಮುಖ್ಯ ಕಚೇರಿಗೆ ಬರೆದ: ದಾರಿಗಳನ್ನು ಹೊಸದಾಗಿ ಅಳೆಯಬೇಕಾಗಿದೆ, ಅಳೆಯುವವಳು ಸ್ವತಃ ತುಳಿದು ನೋಡಬೇಕು, ಸೆಪ್ಟೆಂಬರಿನಲ್ಲಿ ಎರಡು ವಾರ ಸಾಕು. ಒಪ್ಪಿಗೆ ಬಂದ ಮಧ್ಯಾಹ್ನ ಜೆನಿಶಾ ಮೈಸೂರಿಗೆ ಫೋನ್ ಮಾಡಿದಳು.

"ಸೆಪ್ಟೆಂಬರಾ?" ಎಂದರು ಚೇತನ. "ಆಗ ದ್ರಾಕ್ಷಿ ಕೀಳೋ ಕಾಲ ಕಣೇ! ಮಳೆಗೊಂದು ಕೋಟು ಇಟ್ಕೋ. ದಿನಕ್ಕೆ ಎಷ್ಟು ಕಿಲೋಮೀಟರ್ ಹಾಕಿದೀಯ?"

"ನಲವತ್ತು, ಮೇಡಂ."

"ಮೊದಲ ದಿನ ಇಪ್ಪತ್ತೈದು ಸಾಕು," ಎಂದರು ಅವರು. ಜೆನಿಶಾ ಪೆನ್ಸಿಲ್ ತೆಗೆದುಕೊಂಡು ತಿದ್ದಿಕೊಂಡಳು.